ಒಂಬತ್ತನೇ ಪ್ರಶ್ನೆ

"ಒಂಬತ್ತನೇ ಪ್ರಶ್ನೆಗೆ ‘ಮುಖ್ಯವಲ್ಲ’ ಅಂತ ಬರೆದಿದೀರಿ. ಈಗಲೂ ಹಾಗೇನಾ?"

ಡಾಕ್ಟರಮ್ಮ ಕೇಳಿದ್ದು ಬಡಗಿಯನ್ನು. ಎದೆ ಧಸಕ್ಕೆಂದಿದ್ದು ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿಗೆ!

ಅವನ ಹೃದಯದ ಆಪರೇಷನ್ ಆಗಿ ಆರು ತಿಂಗಳು. ಮನೆಗೆ ಕಳಿಸುವ ದಿನ ಆಸ್ಪತ್ರೆಯವರು ತುಂಬಿಸಿಕೊಂಡಿದ್ದ ಹಾಳೆ ಮೇಜಿನ ಮೇಲಿತ್ತು. ನಿದ್ದೆ, ನಡಿಗೆ, ಊಟ, ಕೆಲಸ... ಒಂಬತ್ತನೆಯದು, ‘ಪತ್ನಿಯೊಂದಿಗಿನ ದೈಹಿಕ ಸಾಮೀಪ್ಯ ನಿಮಗೆ ಎಷ್ಟು ಮುಖ್ಯ?’

ಬಡಗಿ ಕೆಮ್ಮಿದ. ಕಿಟಕಿಯತ್ತ ನೋಡಿದ.

ಆಕೆ ದರ್ಜಿ. ಬೀದಿಯ ಹೆಂಗಸರ ಅಳತೆಯೆಲ್ಲ ಬಾಯಿಪಾಠ. ಗಂಡನ ಮನಸ್ಸು ಮಾತ್ರ ತಿಳಿಯದೇ ಹೋಯಿತೇ?

‘ಗಾಯ ಮಾಗಲಿ ಅಂತ ನಾನು ಬೇರೆ ಕೋಣೆಗೆ ಹೋದೆ. ಇವರಿಗೆ ಅದೇ ಬೇಕಿತ್ತೇನೋ! ಐವತ್ತೆರಡಾಯ್ತು... ಇನ್ನು ನಾನು ಯಾರಿಗೆ ಬೇಕು?’

ಕಣ್ಣು ತುಂಬಿ ಬಂತು. ಚೀಲ ಎತ್ತಿಕೊಂಡು ಹೊರಗೆ ನಡೆದೇಬಿಟ್ಟಳು.

ಎರಡು ಮಹಡಿ ಕೆಳಗೆ, ಮೆಟ್ಟಿಲ ಬಳಿ ಬಡಗಿ ಅವಳ ಕೈ ಹಿಡಿದ.

"ಓಡಿ ಬಂದ್ರಾ? ಬುದ್ಧಿ ಇದೆಯೇನ್ರೀ ನಿಮಗೆ!" ಕೋಪದಲ್ಲೂ ಕಾಳಜಿಯೇ ಮೊದಲು ಬಾಯಿಗೆ ಬಂತು.

"ಅದನ್ನ ಬರೆದಿದ್ದು ನಾನಲ್ಲ ಕಣೇ."

"ಮತ್ಯಾರು?"

"ನಿನ್ನ ಅಳಿಯ."

"ಏನು!"

"ನೀನು ಔಷಧಿ ತರೋಕೆ ಹೋಗಿದ್ದೆ. ನನ್ನ ಹತ್ತಿರ ಕನ್ನಡಕ ಇರಲಿಲ್ಲ. ಪಾಪ, ಅವನು ಗಟ್ಟಿಯಾಗಿ ಓದ್ತಿದ್ದ, ನಾನು ಹೇಳ್ತಿದ್ದೆ. ಒಂಬತ್ತನೇದು ಬಂತು ನೋಡು... ಅವನ ಕಿವಿ ಕೆಂಪಾಯ್ತು, ನಾನು ಬೆವೆತುಹೋದೆ. ಮಗಳ ಗಂಡನ ಮುಂದೆ ‘ತುಂಬಾ ಮುಖ್ಯ ಕಣಪ್ಪಾ, ಬರ್ಕೋ’ ಅನ್ನೋಕಾಗುತ್ತಾ?"

ಅವಳಿಗೆ ನಗು ಉಕ್ಕಿತು, ಕಷ್ಟಪಟ್ಟು ತಡೆದಳು. "ನನ್ನ ಹತ್ತಿರಾನಾದ್ರೂ ಹೇಳಬಹುದಿತ್ತಲ್ಲ?"

ಅವನ ದನಿ ಇಳಿಯಿತು. "ನೀನು ಕೋಣೆ ಬಿಟ್ಟು ಹೋದೆ. ನನ್ನನ್ನ ಮುಟ್ಟೋಕೇ ನಿನಗೆ ಭಯ ಅಂದ್ಕೊಂಡೆ. ನಿಜ ಹೇಳ್ಲಾ... ನನಗೂ ಭಯ. ಈ ಮಾತ್ರೆ ಶುರುವಾದ ಮೇಲೆ ಮೈ ಮೊದಲಿನ ಹಾಗಿಲ್ಲ."

"ನನ್ನ ಮೈ ಮೊದಲಿನ ಹಾಗಿದೆಯಾ? ಮುಟ್ಟು ನಿಂತ ಮೇಲೆ ನೀವು ಹತ್ತಿರ ಬಂದಾಗೆಲ್ಲ ನೋವು. ಹೇಳೋಕೆ ನಾಚಿಕೆ."

"ಅಯ್ಯೋ... ಹಲ್ಲು ಕಚ್ಚಿಕೊಂಡು ಸಹಿಸ್ಕೊಂಡ್ಯಾ?"

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಈ ಮಾತು ಆಡಿದ್ದು ಇದೇ ಮೊದಲು, ಅದೂ ಆಸ್ಪತ್ರೆಯ ಮೆಟ್ಟಿಲ ಮೇಲೆ!

ಇಬ್ಬರೂ ಮತ್ತೆ ಮೆಟ್ಟಿಲು ಹತ್ತಿ ಒಳಗೆ ಹೋದರು. ಬಡಗಿ ಪೆನ್ನು ಕೇಳಿ ಪಡೆದು, ಹಳೆಯ ಉತ್ತರ ಹೊಡೆದುಹಾಕಿ, ‘ತುಂಬಾ ಮುಖ್ಯ’ ಎಂದು ದಪ್ಪಕ್ಷರದಲ್ಲಿ ಬರೆದ. ಅವನ ಮಾತ್ರೆಯ ವಿಷಯವನ್ನೂ ತನ್ನ ನೋವನ್ನೂ ಅವಳೇ ತಗ್ಗಿದ ದನಿಯಲ್ಲಿ ಹೇಳಿದಳು.

ಡಾಕ್ಟರಮ್ಮ ನಕ್ಕರು. "ಎರಡು ಮಹಡಿ ಹತ್ತಿದರೆ ಎದೆನೋವು, ಏದುಸಿರು ಏನಾದ್ರೂ ಬರುತ್ತಾ?"

"ಈಗ ಹತ್ತಿಕೊಂಡೇ ಬಂದೆವು. ಏನೂ ಇಲ್ಲ."

"ಪರೀಕ್ಷೆಗಳೂ ಚೆನ್ನಾಗಿವೆ. ಭಯ ಬೇಡ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಬದಲಾಯಿಸಬಹುದಾ ಅಂತ ನಾನು ನೋಡ್ತೀನಿ. ನಿಮ್ಮ ನೋವಿಗೂ ಔಷಧಿ ಇದೆ ಅಮ್ಮಾ. ನಿದ್ದೆ, ಊಟದ ಹಾಗೆ ಇದೂ ಆರೋಗ್ಯವೇ ಅಲ್ವಾ?"

ಹೊರಗೆ ಬಸ್ಸಿಗೆ ಕಾಯುವಾಗ ಅವನು ಅವಳ ಬೆರಳು ಬಿಡಲೇ ಇಲ್ಲ.

"ಬದುಕಿ ಉಳಿದಿದ್ದು ಬರೀ ಮಾತ್ರೆ ನುಂಗೋಕಲ್ಲ ಕಣೇ. ನಿನ್ನ ಜೊತೆ ಬದುಕೋಕೆ."

ಅವಳ ಮುಖ ಕೆಂಪಾಯಿತು. "ಹಾಗಾದ್ರೆ ಮನೆಗೆ ಹೋದ ತಕ್ಷಣ ನನ್ನ ಹಾಸಿಗೆ ನಿಮ್ಮ ಕೋಣೆಗೆ ತರ್ತೀನಿ."

"ಹಾಸಿಗೆ ಯಾಕೆ? ದಿಂಬು ಒಂದು ತಗೊಂಡು ಬಾ... ಸಾಕು!"