ದನಿ ಏರದ ಮನೆ

ನಮ್ಮ ಪ್ರೀತಿ ಶುರುವಾಗಿದ್ದೇ ಜಗಳದಿಂದ. ನಾನು ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸರ್, ಅವರು ಡ್ರೈವರ್. ಒಂದು ದಿನ ಅವರ ಬಸ್ಸು ನಾಲ್ಕನೇ ಪ್ಲಾಟ್‌ಫಾರಂನಲ್ಲಿ ನಿಂತಿದ್ದರೆ ನಾನು ಆರು ಎಂದು ಕೂಗಿಬಿಟ್ಟೆ. ಒಬ್ಬರೂ ಹತ್ತಲಿಲ್ಲ. ಉರಿದುಕೊಂಡು ನನ್ನ ಗಾಜಿನ ಕಿಂಡಿಗೆ ಬಂದರು.

"ಏನ್ ಮೇಡಂ, ನನ್ ಮೇಲೆ ಏನು ಹಗೆ ನಿಮಗೆ?"

"ಹಗೆ ಸಾಧಿಸೋಕೆ ನೀವ್ಯಾರು ಅಂತಲೇ ಗೊತ್ತಿಲ್ವಲ್ಲ!"

ಮೈಕ್ ಆಫ್ ಮಾಡುವುದು ಮರೆತಿದ್ದೆ. ಇಡೀ ಬಸ್ ಸ್ಟ್ಯಾಂಡು ನಕ್ಕಿತು, ಅವರೂ ನಕ್ಕರು. ಮರುದಿನದಿಂದ ಬಸ್ಸು ಹೊರಡುವ ಮುಂಚೆ ಕಿಂಡಿಯ ಕಡೆಗೊಂದು ಕಳ್ಳನೋಟ. "ನಿನ್ನ ಗಂಟಲು ಕೇಳಿಯೇ ಬಿದ್ದವನು ಕಣೇ ನಾನು," ಎನ್ನುತ್ತಿದ್ದರು ಮದುವೆಯಾದ ಮೇಲೆ.

ಆಮೇಲೆ ಗುಬ್ಬಿ ಹುಟ್ಟಿದಳು, ಹೃದಯದಲ್ಲಿ ತೂತು ಇಟ್ಟುಕೊಂಡೇ. ಅತ್ತರೆ ತುಟಿ, ಉಗುರು ನೀಲಿಯಾಗುತ್ತಿತ್ತು. "ತೂಕ ಬರಲಿ, ಆಪರೇಷನ್ ಮಾಡೋಣ. ಅಲ್ಲೀವರೆಗೂ ಅಳೋಕೆ ಬಿಡಬೇಡಿ," ಎಂದರು ಡಾಕ್ಟರಮ್ಮ. ನಾನು ಕೆಲಸ ಬಿಟ್ಟೆ.

ದನಿ ಏರಿದರೆ ಸಾಕು, ಮಗು ಬೆಚ್ಚಿ ಅಳುತ್ತಿತ್ತು. ಹಾಗಾಗಿ ಜಗಳವನ್ನೂ ಪಿಸುದನಿಯಲ್ಲಿ, ನಗುಮುಖದಲ್ಲಿ ಆಡಲು ಕಲಿತೆವು.

"ನಿಮ್ಮಮ್ಮ 'ಇವಳ ಹೊಟ್ಟೆಯ ದೋಷ' ಅಂದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ?" ನಾನು ನಗುತ್ತಿದ್ದೆ.

"ಅದನ್ನೇ ಎಷ್ಟು ಸಲ ಅಂತೀಯ? ನಿನ್ನ ಜೊತೆ ಸಾಕಾಗಿ ಹೋಯ್ತು," ಅವರೂ ನಗುತ್ತಿದ್ದರು.

ನಡುವೆ ಕೂತ ಗುಬ್ಬಿ ಚಪ್ಪಾಳೆ ತಟ್ಟುತ್ತಿದ್ದಳು. ಕೂಗಾಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಜಗಳ ಮೂರು ವರ್ಷ ಹೊಟ್ಟೆಯೊಳಗೇ ಕೊಳೆಯಿತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಆ ಗಾದೆ ಕಟ್ಟಿದವರ ಮನೆಯಲ್ಲಿ ಇಂಥ ಮಗು ಇದ್ದಿರಲಾರದು.

ಒಂದು ಸಂಜೆ ಅವರೇ ನಗುತ್ತಾ ಪಿಸುಗುಟ್ಟಿದರು. "ಆಪರೇಷನ್ ಆಗಲಿ. ಆಮೇಲೆ ದೂರದ ಡಿಪೋಗೆ ಟ್ರಾನ್ಸ್‌ಫರ್ ತಗೋತೀನಿ. ನೀವಿಬ್ರೂ ಇಲ್ಲೇ ಇರಿ."

"ಹೋಗಿ, ಬೇಡ ಅಂದೋರ್ಯಾರು?" ನಾನೂ ನಕ್ಕೆ. ಹಾಳು ಹಟ!

ಆಪರೇಷನ್ ಆಯಿತು. ಎರಡು ತಿಂಗಳಾದ ಮೇಲೆ ಚೆಕಪ್‌ನಲ್ಲಿ ಡಾಕ್ಟರಮ್ಮ, "ಇನ್ನು ಅಳಲಿ ಬಿಡಿ, ಏನೂ ಆಗಲ್ಲ," ಎಂದರು. ಕಾರಿಡಾರಿನಲ್ಲಿ ಗುಬ್ಬಿಯ ಅಪ್ಪ ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ. ಇರಿ ಅನ್ನಬಹುದಿತ್ತು ಆಗಲೇ. ಅವರೇ ಮೊದಲು ಕೇಳಲಿ ಎಂದು ಕಾದೆ. ಅವರೂ ಅದಕ್ಕೇ ಕಾದಿರಬೇಕು.

ಭಾನುವಾರ ಬೆಳಿಗ್ಗೆ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತರು.

"ಹೊರಡ್ಲಾ?"

"ಅವಳ ಔಷಧಿ ಚೀಟಿ ಫೋಟೋ ಕಳಿಸ್ತೀನಿ," ಎಂದೆ. ಆಡಬೇಕಾಗಿದ್ದ ಮಾತು ಅದಲ್ಲ.

"ಇನ್ನೇನಾದ್ರೂ ಹೇಳೋದಿದ್ಯಾ?"

ಕಿಂಡಿಯ ಆಚೆಯಿಂದ ನೋಡುತ್ತಿದ್ದ ಅದೇ ಕಣ್ಣು. ಇಲ್ಲವೆಂದು ತಲೆಯಾಡಿಸಿದೆ.

ಅವರು ಮೆಟ್ಟಿಲಿಳಿದರು. "ಅಪ್ಪಾ!" ಎಂದು ಗುಬ್ಬಿ ಬಾಯಿಬಿಟ್ಟು ಅತ್ತಳು. ತಟ್ಟನೆ ಅವಳ ತುಟಿ ನೋಡಿದೆ. ಕೆಂಪಗಿತ್ತು. ಇನ್ನೂ ಜೋರಾಗಿ ಅತ್ತಳು, ಇನ್ನೂ ಕೆಂಪಾಯಿತು. ಕೆಳಗಿನ ತಿರುವಿನಲ್ಲಿ ಅವರ ಹೆಜ್ಜೆ ನಿಂತಿತು. ಅವರೂ ಆ ಅಳು ಕೇಳುತ್ತಿದ್ದರು.

ಈಗ ಕೂಗೇ ಪೆದ್ದಿ, ಕೂಗಿದರೆ ಯಾರಿಗೂ ಏನೂ ಆಗಲ್ಲ, ಎಂದುಕೊಂಡೆ. ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿದ್ದ ಗಂಟಲು ತೆರೆದೆ.

"ಹೋಗಬೇಡಿ, ರೀ."

ಪಿಸುದನಿಯೇ ಬಂತು. ಮೂರು ವರ್ಷದ ಅಭ್ಯಾಸ. ಮಗಳ ಅಳುವಿನಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಕಾದು, ಹೆಜ್ಜೆಗಳು ಮತ್ತೆ ಇಳಿಯತೊಡಗಿದವು.