ಹತ್ತು ಮೂಟೆ ಉಪ್ಪು

ರೈಫಲ್ಲಿನ ನಳಿಗೆ ನನ್ನ ಬಲಭುಜದ ಮೇಲಿತ್ತು.

ನನಗೆ ಗುರಿ ಇಟ್ಟದ್ದಲ್ಲ. ನನ್ನ ಭುಜವನ್ನೇ ಗೂಟ ಮಾಡಿಕೊಂಡಿದ್ದ, ಡೀಟ್ಮಾರ್!

"ಅಲ್ಲಾಡ್ಬೇಡಿ ಮೇಡಂ," ಎಂದ ಕಿವಿಯ ಹತ್ತಿರ. ಬಾಯಿಂದ ಪುದೀನಾ ವಾಸನೆ. "ಮೆಲ್ಲಗೆ ಉಸಿರಾಡಿ. ನನ್ನ ಮೂರು ಕಾಲಿನ ಸ್ಟ್ಯಾಂಡು ಮರೆತು ಬಂದವರು ನೀವೇ ತಾನೆ?"

ಹೌದು. ಮರೆತದ್ದು ನಾನೇ. ಬೇಕೆಂದೇ ಮರೆತದ್ದು! ಆ ಜಾಣತನಕ್ಕೆ ನನ್ನ ಭುಜವೇ ದಂಡ ಕಟ್ಟುತ್ತದೆಂದು ಯಾರಿಗೆ ಗೊತ್ತಿತ್ತು?

ಎದುರಿಗೆ ಇನ್ನೂರು ಹೆಜ್ಜೆ ದೂರದಲ್ಲಿ ಜಾಲಿಮರಗಳ ನಡುವೆ ಹಿರಿಯ ಬರುತ್ತಿದ್ದ. ಬಲಗಿವಿ ಹರಿದಿದೆ. ಎಡದ ದಂತ ನೆಲ ಮುಟ್ಟುತ್ತದೆ. ಐವತ್ತು ದಾಟಿದ ಗಂಡಾನೆ, ಹೆಚ್ಚುಕಮ್ಮಿ ನನ್ನದೇ ವಯಸ್ಸು. ಅವಸರವೇ ಇಲ್ಲ. ಸ್ವಂತ ಹಿತ್ತಲಿನಲ್ಲಿ ಓಡಾಡುವವನ ಹಾಗೆ ಬರುತ್ತಿದ್ದ.

ಐವತ್ತು ಹೆಜ್ಜೆಗೆ ಬಂದರೆ ಇವನು ಹೊಡೆಯುತ್ತಾನೆ.

ನನ್ನ ಎಡಕ್ಕೆ ಫೆಸ್ಟೋ. ಕೈಯಲ್ಲಿ ಫೋನು. ಹೆಬ್ಬೆರಳು ಒಂದು ನಂಬರಿನ ಮೇಲೆ. ನಾನು ಕೂಗಿದರೆ ಆ ನಂಬರಿಗೆ ಕರೆ ಹೋಗುತ್ತದೆ. ಕರೆ ಹೋದರೆ ನನ್ನ ತಮ್ಮ ಜೈಲಿಗೆ ಹೋಗುತ್ತಾನೆ ಅಂತ ಅವನ ಎಣಿಕೆ.

ಗಾಳಿ ನಿಂತುಹೋಗಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ನನಗೆ ಬೇಕಾದದ್ದು ಆ ಗಾಳಿಯೊಂದೇ!

ಇಲ್ಲಿಗೆ ಹೇಗೆ ಬಂದೆ ಅಂತ ಕೇಳುತ್ತೀರಾ? ಎಡಗಡೆ ಬಂದು ಕೂತುಕೊಳ್ಳಿ, ಬಲಗಿವಿ ಈಗ ಸರಿಯಾಗಿ ಕೇಳಿಸುವುದಿಲ್ಲ. ಇಲ್ಲಿಗೆ ಬರುವ ಪ್ಲಾನ್ ಹಾಕಿದವಳು ನಾನೇ. ಗಂಟೆ ಗಂಟೆಯ ಲೆಕ್ಕದಲ್ಲಿ, ಚೆಂದದ ಅಕ್ಷರದಲ್ಲಿ.

ನಾನು ರೆಸಿಯಾಟೋ. ಮಸಾಯಿ ಹೆಂಗಸು. ನಮಾಂಗದ ಗಡಿಯಲ್ಲಿ ಕಚೇರಿ. ಬಾಗಿಲು ಕೆನ್ಯಾಕ್ಕೆ ತೆರೆಯುತ್ತದೆ, ಹಿಂದಿನ ಕಿಟಕಿಯಿಂದ ಟಾಂಜಾನಿಯಾ ಕಾಣುತ್ತದೆ. ಇಪ್ಪತ್ತಾರು ವರ್ಷದಿಂದ ಎರಡು ದೇಶ ಸೇರಿಸಿ ಸಫಾರಿ ಹೊಲಿಯುವುದೇ ನನ್ನ ಕೆಲಸ. ಈ ಕಡೆಯ ಸಫಾರಿ ಗಾಡಿ ಆ ಕಡೆಯ ಕಾಡಿಗೆ ಹೋಗುವ ಹಾಗಿಲ್ಲ. ಆದ್ದರಿಂದ ಗಡಿಯಲ್ಲಿ ಗಾಡಿ ಬದಲು. ಚೀಲ, ಮಾತ್ರೆ, ಟೋಪಿ, ಹಳದಿ ಜ್ವರದ ಕಾರ್ಡು... ಏನೂ ಹಿಂದಿನ ಗಾಡಿಯಲ್ಲಿ ಉಳಿಯಬಾರದು. ಇಪ್ಪತ್ತಾರು ವರ್ಷದಲ್ಲಿ ಒಂದು ಕಾಲುಚೀಲ ಕೂಡ ಉಳಿಸಿದವಳಲ್ಲ ನಾನು.

ಆ ಬೆಳಗಿಗೆ ಮೂರು ವಾರ ಮೊದಲು ಡೀಟ್ಮಾರ್ ನನ್ನ ಕಚೇರಿಗೆ ಬಂದ. ಇಸ್ತ್ರಿ ಮಾಡಿದ ಖಾಕಿ, ತೊಳೆದಿಟ್ಟ ಹಾಗಿರುವ ಉಗುರು. ಜೊತೆಗೆ ಆ ಕಡೆಯ ಏಜೆಂಟ್ ಫೆಸ್ಟೋ.

"ಎಂಟು ದಿನ," ಎಂದ ಡೀಟ್ಮಾರ್. "ಅಂಬೊಸೆಲಿಯಲ್ಲಿ ಮೂರು, ಗಡಿ ದಾಟಿದ ಮೇಲೆ ಉಳಿದದ್ದು. ಆದ್ರೆ ನನಗೆ ನೂರು ಆನೆ ಬೇಡ. ಒಂದೇ ಸಾಕು."

ಮೇಜಿನ ಮೇಲೆ ಹಿರಿಯನ ಫೋಟೋ ಇಟ್ಟ.

"ಇವನನ್ನ ಹತ್ತಿರದಿಂದ ನೋಡ್ಬೇಕು. ಪರಿಚಯ ಮಾಡ್ಕೋಬೇಕು. ಆಮೇಲೆ ಆ ಕಡೆಯೂ ಸಿಗ್ಬೇಕು. ಸಿಗ್ತಾನಾ?"

ನನ್ನ ಮೂರ್ಖತನ ಕೇಳಿ. ಮನಸ್ಸು ಅರಳಿಬಿಟ್ಟಿತು! ಬಂದವರೆಲ್ಲ ಸಿಂಹ ಸಿಂಹ ಅಂತ ಜೀವ ತಿನ್ನುತ್ತಾರೆ. ಇವನು ಒಂದೇ ಒಂದು ಆನೆಯನ್ನು ಹುಡುಕಿಕೊಂಡು ಬಂದಿದ್ದಾನೆ. ನನ್ನ ತಮ್ಮ ಪರ್ಮುವಾಟ್ ಕೆನ್ಯಾ ಕಡೆಯ ಅಂಬೊಸೆಲಿ ಕಾಡಿನಲ್ಲಿ ಕಾವಲುಗಾರ, ಇಪ್ಪತ್ತು ವರ್ಷದಿಂದ ಆ ಆನೆಯ ಹಿಂದೆ ಓಡಾಡಿದವನು. ಅವನಿಂದ ಕೇಳಿದ್ದನ್ನೆಲ್ಲ ಬಡಿಸಿದೆ. ಯಾವ ತಿಂಗಳು ಜಾಲಿಕಾಯಿ ಉದುರುತ್ತದೆ, ಯಾವ ಒಣಹೊಳೆಯ ಗುಂಟ ಹಿರಿಯ ದಕ್ಷಿಣಕ್ಕೆ ಇಳಿಯುತ್ತಾನೆ, ಯಾವ ಬಿಳಿ ಗಡಿಕಂಬದ ಪಕ್ಕದಲ್ಲಿ ದಾಟುತ್ತಾನೆ... ಎಲ್ಲ.

ಫೆಸ್ಟೋ ಬರೆದುಕೊಂಡ. ನಾನು ಅವನಿಗೆ ಇನ್ನೊಂದು ಲೋಟ ಹಾಲು ಚಹಾ ಕೊಟ್ಟೆ!

ಹೊರಡಲು ಐದು ದಿನ ಇರುವಾಗ ಆ ಕಡೆಯ ಬಿಡಾರದ ಸಾಮಾನಿನ ಪಟ್ಟಿ ಬಂತು. ಅಕ್ಕಿ, ಮೆಕ್ಕೆಹಿಟ್ಟು, ಸೋಡಾ, ಗರಗಸ ಒಂದು. ಉಪ್ಪು, ಹತ್ತು ಮೂಟೆ.

ನಾನು ದನ ಸಾಕಿದ ಮನೆಯವಳು. ಮೊದಲು ದನಕ್ಕೆಂದೇ ಅಂದುಕೊಂಡೆ. ಸಫಾರಿಯಲ್ಲಿ ಎಲ್ಲಿಯ ದನ? ಮತ್ತೊಮ್ಮೆ ಓದಿದೆ. ನಾಲ್ಕು ಜನರ ಊಟಕ್ಕೆ ಹತ್ತು ಮೂಟೆ ಉಪ್ಪು... ಒಂದು ಗರಗಸ...

ತೊಗಲು! ತೊಗಲು ಕೊಳೆಯದ ಹಾಗೆ ಸವರಲು ಉಪ್ಪು. ದಂತಕ್ಕೆ ಗರಗಸ.

ಅಸಹ್ಯ ನನಗೆ ಅಂಗೈಗೆ ಬರುತ್ತದೆ. ಎದ್ದು ಹೋಗಿ ಕೈ ತೊಳೆದೆ. ಮತ್ತೆ ತೊಳೆದೆ. ಅವನು ಕೈ ಕುಲುಕಿದ್ದು ಬಲಗೈ. ಹೊಳೆಯ ದಾರಿಯನ್ನು ಕಾಗದದ ಮೇಲೆ ಬರೆದು ತೋರಿಸಿದ್ದೂ ಬಲಗೈಯೇ. ಯಾವುದು ಹೆಚ್ಚು ಹೊಲಸೆಂದು ಸೋಪಿಗೂ ತಿಳಿಯಲಿಲ್ಲ.

ಫೆಸ್ಟೋನನ್ನು ಕರೆಸಿದೆ.

"ಇದು ಬೇಟೆ."

"ಆ ಕಡೆ ಬೇಟೆಗೆ ಲೈಸೆನ್ಸ್ ಇದೆ ರೆಸಿಯಾಟೋ ಅಮ್ಮ. ಸೀಲ್ ಇದೆ, ಸಹಿ ಇದೆ. ಕಂಬದ ಈಚೆ ಹೊಡೆದ್ರೆ ಕಳ್ಳ, ಆಚೆ ಹೊಡೆದ್ರೆ ಅತಿಥಿ. ಕಾನೂನು ನಾನು ಮಾಡಿದ್ದಾ?"

"ಮೂರು ದಿನ ಅದನ್ನ ಯಾಕೆ ನೋಡ್ಬೇಕು ಅವನು?"

ಫೆಸ್ಟೋ ನಕ್ಕ. "ಪರಿಚಯ ಇಲ್ಲದವರನ್ನ ಕೊಂದ್ರೆ ಮಜಾ ಇಲ್ವಂತೆ."

"ನನ್ನ ಕೈಲಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ."

"ನಿಮ್ಮ ತಮ್ಮನ ಮನೆ ಹಟ್ಟಿಯ ಕೊನೇದು, ಅಲ್ವಾ?" ಚಹಾ ಊದಿ ಊದಿ ಕುಡಿದ. "ಸಗಣಿ ಗೋಡೆ. ಅದರೊಳಗೆ ಒಂದು ಗೇಣು ದಂತ ಸಿಕ್ತು ಅಂತಿಟ್ಕೊಳ್ಳಿ... ಕಾವಲುಗಾರನ ಮನೇಲೇ! ಜೀವ ಇರೋವರೆಗೂ ಹೊರಗೆ ಬರಲ್ಲ ಪಾಪ. ನನಗೆ ಒಂದು ಫೋನ್ ಸಾಕು."

ಲೋಟ ಇಟ್ಟು ಎದ್ದ. "ಪ್ಲಾನ್ ಮುಗಿಸಿ. ನಿಮ್ಮ ಪ್ಲಾನ್ ಅಂದ್ರೆ ಯಾವತ್ತೂ ಕೆಡಲ್ಲ ಅಂತಾರೆ ಎಲ್ರೂ."

ಮರುದಿನ ತಮ್ಮನನ್ನು ನೋಡಲು ಅಂಬೊಸೆಲಿಗೆ ಹೋದೆ. ಜೌಗಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಪರ್ಮುವಾಟ್ ಎಂದಿನಂತೆ ಮೈಮೇಲಿನ ಕೆಂಪು ಹೊದಿಕೆ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗಾಡಿಯೊಳಗೆ ಇಟ್ಟ. ಹಸಿರು ಸಮವಸ್ತ್ರ ಹಾಕಿಕೊಂಡ. ಆನೆಗಳ ಹತ್ತಿರ ಹೋಗುವ ನಮ್ಮವರೆಲ್ಲ ಹೀಗೇ. ನಮ್ಮ ಅಜ್ಜಂದಿರ ಕಾಲದಿಂದ ಈಟಿ ತಿಂದ ಆನೆಗಳು ಇವು. ಸಿಂಹ ಬಂದರೆ ಕಾಲೂರಿ ನಿಲ್ಲುತ್ತವೆ. ಗಾಡಿ ಬಂದರೆ ತಲೆಯೆತ್ತುವುದಿಲ್ಲ. ಆದರೆ ನಮ್ಮ ಮೊರಾನ್ ಹುಡುಗರು, ಈಟಿ ಹಿಡಿಯುವ ಪ್ರಾಯದವರು, ಹೊದ್ದು ಬೆವರಿದ ಬಟ್ಟೆಯ ವಾಸನೆ ಗಾಳಿಯಲ್ಲಿ ಬಂದರೆ... ಓಟ! ನೋಡುವುದಕ್ಕೂ ನಿಲ್ಲುವುದಿಲ್ಲ.

ನಾನು ಆ ಪ್ಲಾಸ್ಟಿಕ್ ಚೀಲವನ್ನೇ ನೋಡುತ್ತ ಕೂತೆ.

"ಏನಕ್ಕ? ಮೈ ಸರಿ ಇಲ್ವಾ?"

"ಮೊರಾನರು ಹೊದಿಕೆ ಒಗೆಯೋದು ಯಾವಾಗ?"

"ಒಗೆಯೋದಾ?" ಅವನು ನಕ್ಕುಬಿಟ್ಟ. "ಮದುವೆ ಆದ್ಮೇಲೆ!"

ತಮ್ಮನಿಗೆ ಎಲ್ಲ ಹೇಳಿದೆ. ಅವನ ಹೆಂಡತಿ ನೊಲಾರಿಗೂ. ಆಮೇಲೆ ಕಚೇರಿಗೆ ಬಂದು ಪ್ಲಾನಿನಲ್ಲಿ ಒಂದು ಸಾಲು ಸೇರಿಸಿದೆ.

ಡೀಟ್ಮಾರ್ ಫೋನಿನಲ್ಲಿ ಕುಣಿದಾಡಿದ. "ಹತ್ತು ಜನ ಯೋಧರಾ! ಈಟಿ ಸಮೇತ? ಆನೆ ಬಿದ್ಮೇಲೆ ನನ್ನ ಹಿಂದೆ ನಿಲ್ತಾರಾ?"

"ಆ ಕಡೆಯ ಹಟ್ಟಿಯವರು, ನಮ್ಮ ನಂಟರೇ. ಅಸಲಿ ಮಂದಿ ಸಾರ್. ಒಗೆಯದ ಬಟ್ಟೆ, ಮೈಗೆ ಕೊಬ್ಬು, ಕೆಮ್ಮಣ್ಣು."

"ಅಸಲಿ! ನನಗೆ ಅದೇ ಬೇಕು!"

ಫೆಸ್ಟೋ ಪಟ್ಟಣದಲ್ಲಿ ಕಾರು ಮಾರುತ್ತಿದ್ದವನು. ಅವನಿಗೆ ಕೆಂಪು ಬಟ್ಟೆಯೆಂದರೆ ಫೋಟೋ, ಅಷ್ಟೇ.

ಮೂರು ದಿನ ಅಂಬೊಸೆಲಿ. ಡೀಟ್ಮಾರ್ ಹಿರಿಯನನ್ನು ಕಣ್ತುಂಬ ನೋಡಿದ. ಒಮ್ಮೆ ಕಣ್ಣೊರೆಸಿಕೊಂಡ ಕೂಡ! ಮೂರನೆಯ ದಿನ ಗಡಿಯಲ್ಲಿ ಗಾಡಿ ಬದಲು. ರೈಫಲ್ ಆ ಕಡೆಯ ವಿಮಾನದಲ್ಲಿ ಬಂದು ಕಾಯುತ್ತಿತ್ತು. ಸ್ಟ್ಯಾಂಡು ಮಾತ್ರ ಅವನ ಚೀಲಗಳ ಜೊತೆಗಿತ್ತು. ನನ್ನ ಕೈ ಮೊದಲ ಬಾರಿಗೆ ಒಂದು ಸಾಮಾನನ್ನು ಹಿಂದೆ ಬಿಟ್ಟಿತು.

ಫೆಸ್ಟೋ ನನ್ನ ತೋಳು ಹಿಡಿದ. "ನೀವೂ ಹತ್ತಿ."

"ನನ್ನ ಕೆಲಸ ಇಲ್ಲಿಗೆ ಮುಗೀತು."

"ಹತ್ತಿ ಅಂದೆ."

ಹತ್ತಿದೆ.

ಈಗ ನಾಲ್ಕನೆಯ ದಿನದ ಬೆಳಗು. ಮೊರಾನರು ನಾನು ಗುರುತು ಮಾಡಿದ್ದ ದಿಬ್ಬದಲ್ಲಿ, ಕಿಲಿಮಂಜಾರೋ ಕಡೆಗೆ, ಅರ್ಧ ಮೈಲಿ ಆಚೆ ಕೂತಿದ್ದಾರೆ. ಬೆಳಗಿನ ಗಾಳಿ ಆ ಬೆಟ್ಟದಿಂದಲೇ ಇಳಿಯುತ್ತದೆ. ದಿನವೂ ಇಳಿಯುತ್ತದೆ.

ಇವತ್ತು ಇಳಿಯುತ್ತಿಲ್ಲ!

ನೂರೈವತ್ತು ಹೆಜ್ಜೆ. ನೂರು.

"ಸುಂದರ," ಎಂದ ಡೀಟ್ಮಾರ್. ಪ್ರೀತಿಯಿಂದ ಎಂದ.

ಎಂಬತ್ತು.

ನಳಿಗೆಯ ತಣುಪು ಬಟ್ಟೆಯೊಳಗಿಂದ ಮೂಳೆಗೆ ಇಳಿಯುತ್ತಿತ್ತು. ಇಪ್ಪತ್ತಾರು ವರ್ಷ ಎಷ್ಟು ಜನ ಇದೇ ಭುಜದ ಮೇಲೆ ಕೈಯಿಟ್ಟು 'ನೀವಿಲ್ದೆ ಆಗ್ತಿರ್ಲಿಲ್ಲ' ಎಂದಿದ್ದಾರೆ. ಎಲ್ಲರಿಗೂ ನಕ್ಕಿದ್ದೇನೆ. ನಗುವುದೂ ಪ್ಲಾನಿನಲ್ಲಿ ಸೇರಿತ್ತು.

ಅರವತ್ತು...

ಕತ್ತಿನ ಹಿಂದೆ ತಣ್ಣಗಾಯಿತು.

ಗಾಳಿ!

ಹಿರಿಯ ನಿಂತ. ಸೊಂಡಿಲು ಮೇಲೆದ್ದಿತು, ಬೆಟ್ಟದ ಕಡೆ ತಿರುಗಿತು. ಎರಡೂ ಕಿವಿ ಅಗಲವಾದವು. ನಮ್ಮನ್ನು ನೋಡಲೇ ಇಲ್ಲ! ಬಾಲ ಎತ್ತಿ, ಗಿರ್ರನೆ ತಿರುಗಿ ಉತ್ತರಕ್ಕೆ ಓಡಿದ.

"ಏಯ್! ಏಯ್!" ಡೀಟ್ಮಾರ್ ಕಿರುಚಿದ. ಅವನ ಬೆರಳು ಬಿಗಿಯಾಗುವುದಕ್ಕೂ ನಾನು ಭುಜ ತಗ್ಗಿಸುವುದಕ್ಕೂ ಸರಿಹೋಯಿತು.

ಢಂ!

ಗುಂಡು ಹುತ್ತಕ್ಕೆ ಬಿತ್ತು. ನನ್ನ ಬಲಗಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು. ಇವತ್ತಿಗೂ ನಿಂತಿಲ್ಲ.

"ಯಾಕೆ ಅಲ್ಲಾಡಿದೆ?"

"ಸೊಳ್ಳೆ ಕಚ್ಚಿತು ಸಾರ್."

ಕೆನ್ನೆಗೆ ಬಾರಿಸಿದ. ಮರುಕ್ಷಣ ನನ್ನನ್ನೂ ಗಾಡಿಗೆ ಎಳೆದುಹಾಕಿ ಬೆನ್ನಟ್ಟಿದರು. ಫೆಸ್ಟೋ ಸ್ಟೀರಿಂಗ್ ಹಿಡಿದಿದ್ದ. ಡೀಟ್ಮಾರ್ ತೆರೆದ ಮಾಡಿನಲ್ಲಿ ನಿಂತು ಕೂಗುತ್ತಿದ್ದ. ಹಳ್ಳ, ಮುಳ್ಳು, ಧೂಳು! ಮುಂದೆ ಬೂದುಬಣ್ಣದ ಬೆನ್ನು ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಆ ವಯಸ್ಸಿನಲ್ಲಿ ಅಂಥ ಓಟ!

ಬಿಳಿ ಗಡಿಕಂಬ ಕಂಡಿತು. ಹಿರಿಯ ದಾಟಿದ. ಫೆಸ್ಟೋ ಬ್ರೇಕ್ ಒತ್ತಿದ.

"ಮುಗೀತು ಸಾರ್. ಅದು ಕೆನ್ಯಾ."

"ಎಲ್ಲಿದೆ ಕೆನ್ಯಾ? ಬೇಲಿ ಎಲ್ಲಿದೆ?" ಡೀಟ್ಮಾರ್ ಕೆಳಗೆ ಹಾರಿದ. ಮುಖ ಬೀಟ್‌ರೂಟ್ ಆಗಿತ್ತು. "ಅವನು ಅಲ್ಲೇ ನಿಂತಿದ್ದಾನೆ, ನೋಡು!"

ನಿಜ. ಕಂಬದಾಚೆ ಹಿರಿಯ ನಿಂತು ಏದುಸಿರು ಬಿಡುತ್ತಿದ್ದ. ಅಲ್ಲಿ ಇವನು ಹೊಡೆದರೆ... ನಾನು ಎದ್ದೆ. ಫೆಸ್ಟೋ ಅಡ್ಡ ಬಂದ. ಫೋನು ತೋರಿಸಿದ.

"ಕೂತ್ಕೊ. ಮಾಡ್ಲಾ?"

"ಮಾಡು," ಎಂದೆ. "ನಿನ್ನ ಮನುಷ್ಯ ಎತ್ತೋದಿಲ್ಲ."

"ಏನಂದೆ?"

ನಮ್ಮಲ್ಲಿ ಮನೆ ಕಟ್ಟುವವಳು ಹೆಂಡತಿ. ಕಡ್ಡಿಯಿಂದ ಸಗಣಿಯವರೆಗೆ ಅವಳದೇ ಕೈ. ನನ್ನ ಮಾತು ಕೇಳಿದಾಗಿನಿಂದ ನೊಲಾರಿ ದಿನವೂ ಗೋಡೆಗೆಲ್ಲ ಹೊಸದಾಗಿ ಹಸಿ ಸಗಣಿ ಸಾರಿಸುತ್ತಿದ್ದಳು. ಅದಕ್ಕೆ ಎರಡು ದಿನ ಮೊದಲು ಪ್ಲಾಸ್ಟಿಕ್ ಬೋಗುಣಿ ಮಾರುವವನೊಬ್ಬ ಬಂದ, ನೀರು ಕೇಳಿದ. ಅವಳು ನೀರು ತಂದು ಕೊಟ್ಟು ಗೋಡೆ ನೋಡಿದಳು. ಅವಳದಲ್ಲದ ನಾಲ್ಕು ಬೆರಳ ಗುರುತು! ಹಟ್ಟಿಯ ಹೆಂಗಸರೆಲ್ಲ ಸೇರಿ ಅವನನ್ನು ಅವನ ಬೋಗುಣಿಗಳಿಂದಲೇ ಬಡಿದು, ಗೋಡೆಯೊಳಗಿನ ದಂತದ ತುಂಡಿನ ಸಮೇತ ಅರಣ್ಯದವರಿಗೆ ಒಪ್ಪಿಸಿದರು. ನಾವು ಅಂಬೊಸೆಲಿ ಬಿಡುವ ಮೊದಲೇ ತಮ್ಮ ಗುಟ್ಟಾಗಿ ನನಗೆ ತಿಳಿಸಿದ್ದ.

"ಬಾಯಿಬಿಟ್ಟಿದ್ದಾನೆ," ಎಂದೆ. "ನಿನ್ನ ಹೆಸರು ಸರಿಯಾಗೇ ಹೇಳಿದ್ನಂತೆ."

ಫೆಸ್ಟೋನ ಹೆಬ್ಬೆರಳು ಸಡಿಲವಾಯಿತು.

ಡೀಟ್ಮಾರ್ ಆಗಲೇ ಕಂಬದ ಹತ್ತಿರ ಹೋಗಿದ್ದ. ನಾನು ಕೂಗಿದೆ. ಕೆಲಸದ ಧರ್ಮ ನೋಡಿ!

"ಸಾರ್! ನಿಮ್ಮ ಪಾಸ್‌ಪೋರ್ಟು ಗಾಡಿಯಲ್ಲೇ ಇದೆ!"

"ಪಾಸ್‌ಪೋರ್ಟಂತೆ! ನೀನೇ ಇಟ್ಕೊ!"

ದಾಟಿದ. ನಾನು ಹೆಜ್ಜೆ ಎಣಿಸಿದೆ. ನಲವತ್ತೊಂದನೆಯ ಹೆಜ್ಜೆಗೆ ರೈಫಲ್ ಎತ್ತಿದ.

ಮುಳ್ಳುಪೊದೆಯ ಹಿಂದಿನಿಂದ ಆರು ಜನ ಎದ್ದು ನಿಂತರು. ಎಲ್ಲರೂ ಹಸಿರು ಸಮವಸ್ತ್ರದವರು, ನಾಲ್ವರ ಕೈಯಲ್ಲಿ ಬಂದೂಕು. ಮುಂದೆ ನನ್ನ ತಮ್ಮ.

"ನಮಸ್ಕಾರ ಸಾರ್," ಎಂದ ಪರ್ಮುವಾಟ್. "ಅದನ್ನ ಕೆಳಗಿಡಿ. ನಮ್ಮ ದೇಶದಲ್ಲಿ ಬೇಟೆ ಇಲ್ಲ."

ಡೀಟ್ಮಾರ್ ತಿರುಗಿ ನೋಡಿದ. ನಲವತ್ತೊಂದು ಹೆಜ್ಜೆ. ಈ ಕಡೆ ಅತಿಥಿಯಾಗಿದ್ದ! ಫೆಸ್ಟೋ ಆಗಲೇ ನನ್ನನ್ನು ಕೆಳಗೆ ತಳ್ಳಿ, ಗಾಡಿ ತಿರುಗಿಸಿ, ಧೂಳೆಬ್ಬಿಸಿದ್ದ.

ನಾನು ಕಂಬಕ್ಕೆ ಒರಗಿ ಕೂತೆ. ಗೆದ್ದೆ ಅನ್ನಿಸಲಿಲ್ಲ. ಅಂಗೈಗಳನ್ನು ಮಣ್ಣಿನಲ್ಲಿ ಉಜ್ಜಿಕೊಂಡೆ. ಮುಂದಿನ ವರ್ಷವೂ ಜಾಲಿಕಾಯಿ ಉದುರುತ್ತದೆ, ಹಿರಿಯ ಮತ್ತೆ ಇಳಿಯುತ್ತಾನೆ. ಆಗ ಇನ್ನೊಬ್ಬ ಬರುತ್ತಾನೆ, ತೊಳೆದ ಉಗುರಿನವನು. ಅವನಿಗೆ ದಾರಿ ಹೇಳುವ ಬಾಯಿ ನನ್ನದಾಗಿರುವುದಿಲ್ಲ. ಅಷ್ಟು ಮಾತ್ರ ನನ್ನ ಕೈಯಲ್ಲಿದೆ.

ಹತ್ತು ಮೂಟೆ ಉಪ್ಪು ಬಿಡಾರದಲ್ಲೇ ಉಳಿದಿತ್ತು. ಮೊರಾನರು ಕೂಲಿಯೆಂದು ಹೊತ್ತುಕೊಂಡು ಹೋದರು. ಅವರ ದನಗಳು ಈಗಲೂ ನೆಕ್ಕುತ್ತಿವೆ.

ಮೊನ್ನೆ ಡೀಟ್ಮಾರನ ವಕೀಲನ ಪತ್ರ ಬಂತು. ಹೇಳಿದಂತೆ ಸಫಾರಿ ನಡೆಸಿಕೊಡಲಿಲ್ಲವಂತೆ, ನಾನು!

ಗಡಿ ದಾಟುವ ಸಫಾರಿ ಬೇಕೆಂದಿದ್ದ. ಹೋಗುವಾಗ ಮುದ್ರೆ ಹಾಕಿಸಿಕೊಂಡು ದಾಟಿದ, ಬಂದಾಗ ಬೇಡಿ ಹಾಕಿಸಿಕೊಂಡ... ಒಂದೇ ದುಡ್ಡಿಗೆ ಎರಡು ಸಲ ದಾಟಿಸಿದ್ದೇನೆ!