ಹೊಸ ಟ್ಯಾಂಕಿಗೆ ಅರಿಶಿನ

"ಬ್ರೇಕ್ ಮೆಲ್ಲಕ ಹಾಕ್ರಿ ಸರ, ಒಳಗ ಜೀವ ಅದಾವ," ಎಂದಳು ದೀಪಾ, ತೊಡೆಯ ಮೇಲಿದ್ದ ಥರ್ಮಾಕೋಲ್ ಡಬ್ಬಿಯನ್ನು ಇನ್ನಷ್ಟು ಅಪ್ಪಿ ಹಿಡಿದು.

"ಡಬ್ಬಿ ಹಿಡಕೊಂಡು ಕುಂತದ್ದೂ ಒಂದು ಜೀವನೇ ಅಲ್ಲೇನ್ರಿ? ಅದಕ್ಕ ಮೆಲ್ಲಕ ಹೊಂಟೀನಿ," ಎಂದ ಗಂಗಾಧರ. ಅಂದವನು ತಾನೇ ಗಾಬರಿಯಾಗಿ, ಸರಿಯಾಗಿಯೇ ಇದ್ದ ಕನ್ನಡಿಯನ್ನು ಸರಿಮಾಡತೊಡಗಿದ. ಪಾಪ, ಅವನ ಧೈರ್ಯವೆಲ್ಲ ಒಂದು ಮಾತಿಗೆ ಮುಗಿದುಹೋಗುತ್ತದೆ.

ದೀಪಾ ಕಿಟಕಿಯ ಕಡೆ ತಿರುಗಿ ನಕ್ಕಳು. ಸಿಂಧನೂರಿನ ಗದ್ದೆಗಳು ಹಿಂದೆ ಬಿದ್ದು ಮಸ್ಕಿ ಹತ್ತಿರವಾಗುತ್ತಿತ್ತು. ಬ್ಯಾಂಕಿನವರು ಅವಳನ್ನು ಲಿಂಗಸುಗೂರಿಗೆ ವರ್ಗ ಮಾಡಿದ್ದರು. ಸಾಮಾನು ಮೊನ್ನೆಯೇ ಹೋಗಿತ್ತು, ಸಾಮಾನಿನ ಜೊತೆಗೆ ತಾಯಿ ಯಮನಮ್ಮ. ಉಳಿದದ್ದು ಈ ನಾಲ್ಕು ಗೋಲ್ಡ್‌ಫಿಶ್. ಇವನ್ನು ಹೊಸ ಟ್ಯಾಂಕಿಗೆ ಬಿಟ್ಟರೆ ಗಂಗಾಧರನ ಕೆಲಸ ಮುಗಿಯಿತು, ಅವನು ವಾಪಸು ಹೊರಡುತ್ತಾನೆ. ಅಷ್ಟರೊಳಗೆ ಮನಸ್ಸಿನಲ್ಲಿದ್ದದ್ದನ್ನು ಹೇಳದಿದ್ದರೆ, ನಾಳೆಯಿಂದ ಫೋನಿನಲ್ಲಿ 'ಊಟ ಆತೇನ್ರಿ' ಎನ್ನುವಲ್ಲಿಗೆ ಎಲ್ಲ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸಿಂಧನೂರಿನಲ್ಲಿ ಅವರ ಬಾಡಿಗೆ ಮನೆಗಳ ನಡುವೆ ಒಂದೇ ಗೋಡೆ. ಗಂಗಾಧರ ಗೊರೇಬಾಳದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಹೋದ ವರ್ಷ ದೀಪಾ ಡೆಂಗ್ಯೂ ಹಿಡಿದು, ತಾಯಿಯ ಆರೈಕೆಯಲ್ಲಿ ಗುರುಗುಂಟಾದ ಅಕ್ಕನ ಮನೆಯಲ್ಲಿ ಮಲಗಿದಾಗ ಮನೆಯ ಕೀಲಿ ಅವನ ಕೈಯಲ್ಲಿತ್ತು. ದಿನಾ ಬೆಳಿಗ್ಗೆ ಮೀನಿಗೆ ಫುಡ್ ಹಾಕಿ ಒಂದು ಫೋಟೋ ಕಳಿಸುತ್ತಿದ್ದ. ಕೆಳಗೆ ಒಂದೇ ಸಾಲು: 'ಇವರು ಉಂಡ್ರು. ನೀವು?' ಅನ್ನ ಕಂಡರೆ ವಾಕರಿಕೆ ಬರುತ್ತಿದ್ದ ಆ ದಿನಗಳಲ್ಲಿ, ಅವನಿಗೆ ಸುಳ್ಳು ಹೇಳಬಾರದೆಂದೇ ಅವಳು ಕಣ್ಣು ಮುಚ್ಚಿ ಗಂಜಿ ಕುಡಿಯುತ್ತಿದ್ದಳು.

ವಾಸಿಯಾಗಿ ಬಂದ ದಿನ ಯಮನಮ್ಮ ಅವನನ್ನು ಕೂರಿಸಿ, ಅಂಗಿ ಬಟ್ಟೆ, ಟಾವೆಲ್ ಕೊಟ್ಟು ಆಯೇರಿ ಮಾಡಿದಳು. ತೆಗೆದುಕೊಂಡ, ಆದರೆ ಮುಖ ಸಪ್ಪಗಾಯಿತು. ಆಮೇಲೆ ಬಾಗಿಲಲ್ಲಿ ನಿಂತು ಮಾತಾಡುವುದೂ ಕಡಿಮೆಯಾಯಿತು. ಏನು ತಪ್ಪಾಯಿತೋ ದೀಪಾಗೆ ತಿಳಿಯಲಿಲ್ಲ. ಆದರೂ ಮೀನು ಸಾಗಿಸಬೇಕು ಎಂದು ಅವಳು ಅಂದದ್ದೇ ತಡ, ಗೆಳೆಯ ರಹಿಮಾನನ ಓಮ್ನಿ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದ್ದ.

"ಅಲ್ರಿ, ಹಳೇ ಟ್ಯಾಂಕಿನ ನೀರು ಇಷ್ಟು ಕ್ಯಾನ್ ತುಂಬೀರಲ್ಲ, ಲಿಂಗಸೂರಾಗ ನೀರು ಸಿಗಂಗಿಲ್ಲೇನು?" ಎಂದು ದಾರಿಯಲ್ಲಿ ಕೆಣಕಿದ ಗಂಗಾಧರ.

"ಅವಕ್ಕ ಅದರ ರೂಢಿ ಅದ. ಒಮ್ಮೆಗೇ ಹೊಸ ನೀರಿಗೆ ಹಾಕಿದ್ರ ತಡಕೊಳ್ಳಂಗಿಲ್ಲ. ಅರ್ಧ ಹಳೇದು, ಅರ್ಧ ಹೊಸದು."

ಹೊಸ ಟ್ಯಾಂಕಿಗೆ ನಿನ್ನೆಯೇ ಅರ್ಧ ಬೋರಿನ ನೀರು ತುಂಬಿಡು ಎಂದು ತಾಯಿಗೆ ಫೋನಿನಲ್ಲಿ ಹೇಳಿದ್ದಳು. ಯಮನಮ್ಮ ತುಂಬಿಯೂ ಇದ್ದಳು. ಲಿಂಗಸುಗೂರಿನ ಮನೆಯೊಳಗೆ ಕಾಲಿಟ್ಟ ದೀಪಾ ಟ್ಯಾಂಕು ನೋಡಿ ಅಲ್ಲೇ ನಿಂತಳು. ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ. ಒಳಗೆ ಹಾಲು ಬೆರೆತ ಹಳದಿ ನೀರು, ಮೇಲೆ ತೇಲುವ ಚೆಂಡು ಹೂ.

"ಯವ್ವಾ! ಏನ್ ಮಾಡೀಯೇ ಇದು?"

"ಏನ್ ಮಾಡೀನಿ? ಹೊಸ ಮನ್ಯಾಗ ಮೊದಲನೇ ನೀರು. ಗಂಗವ್ವನ ಪೂಜಿ ಮಾಡಲಾರದ ಹ್ಯಾಂಗ ಬಿಡಲಿ? ಅರಿಷಿಣ ಕುಂಕುಮ ಏರಿಸಿ ಒಂದೀಟು ಹಾಲು ಬಿಟ್ಟೀನಿ. ನಿನ್ನ ಮೀನು ತಣ್ಣಗಿರಲಿ ಅಂತ ಮಾಡೀನವ್ವ."

ಡಬ್ಬಿಯಲ್ಲಿದ್ದ ಪ್ಲಾಸ್ಟಿಕ್ ಚೀಲದೊಳಗಿನ ದೊಡ್ಡ ಮೀನು ಆಗಲೇ ಮೇಲೆ ಬಂದು ಬಾಯಿ ಬಿಡುತ್ತಿತ್ತು. ದೀಪಾಗೆ ಅಳುವೇ ಬಂತು. "ಎಲ್ಲಾ ಸಾಯ್ತಾವ ಯವ್ವಾ," ಎಂದು ಚೀರಿದಳು. ಯಮನಮ್ಮನ ಮುಖ ಇಷ್ಟೇ ಇಷ್ಟಾಯಿತು.

ಆಗ ಗಂಗಾಧರ ನಡುವೆ ಬಂದ. "ಅಮ್ಮಾರ, ಪೂಜಿ ಚಲೋ ಆತು. ಈಗ ಗಂಗವ್ವನ್ನ ಗಿಡಕ್ಕ ಹಾಕೋಣೇನ್ರಿ? ಮೋರಿಗೆ ಬ್ಯಾಡ."

ಯಮನಮ್ಮ ಹೂಂ ಎಂದಳು. ದೀಪಾ ಚೀಲಗಳ ಬಾಯಿ ಬಿಚ್ಚಿ ಗಾಳಿಯಾಡಲು ಬಿಟ್ಟಳು. ಅವನು ಬಕೆಟ್ಟಿನಿಂದ ಬಕೆಟ್ಟು ಹಳದಿ ನೀರು ಹೊತ್ತು ಹಿತ್ತಲಿನ ಕರಿಬೇವಿಗೆ, ನುಗ್ಗೆಗೆ ಸುರಿದ. ಒಂದು ಹನಿಯನ್ನೂ ತುಳಿಯಲಿಲ್ಲ. ಸೋಪು ಸೋಕಿಸದೆ ಟ್ಯಾಂಕು ತಿಕ್ಕಿ ತೊಳೆದ. ಕ್ಯಾನಿನ ಹಳೆಯ ನೀರನ್ನಷ್ಟೇ ಸುರಿದು, ಚೀಲಗಳನ್ನು ಅದರ ಮೇಲೆ ತೇಲಿಬಿಟ್ಟರು. ತಾಯಿಯ ಮನಸ್ಸನ್ನೂ ಮೀನಿನ ಜೀವವನ್ನೂ ಒಟ್ಟಿಗೆ ಕಾದ ಈ ಮನುಷ್ಯನನ್ನು ನೋಡಿ ದೀಪಾಗೆ ಎದೆ ತುಂಬಿ ಬಂತು. ಎಂಥವನು ಸಿಕ್ಕಿದನಲ್ಲ ತನಗೆ ಎನಿಸಿತು.

"ಈಗ ಬಿಡೋಣೇನ್ರಿ?" ಎಂದ ಗಂಗಾಧರ.

"ಗಡಿಬಿಡಿ ಬ್ಯಾಡ. ಬಿಸಿ ತಂಪು ಹೊಂದಲಿ."

ಟ್ಯಾಂಕಿನ ಆಚೆ ಅವನು, ಈಚೆ ಅವಳು. ನೀರಿನಾಚೆ ಅವನ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಅವಳು ನೋಡಿದರೆ ಅವನು ಮೀನು ನೋಡುತ್ತಾನೆ. ಅವಳು ಮೀನು ನೋಡಿದರೆ ಅವನು ಅವಳನ್ನು ನೋಡುತ್ತಾನೆ. ಈ ಆಟ ಸ್ವಲ್ಪ ಹೊತ್ತು ನಡೆಯಿತು.

"ಆಯೇರಿ ತಗೊಂಡಾಗ ಯಾಕ ಮುಖ ಸಣ್ಣ ಮಾಡಿದ್ರಿ?" ಎಂದು ಕೇಳಿಯೇಬಿಟ್ಟಳು.

ಅವನು ಚೀಲವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದ. "ಉಪಕಾರ ತೀರಿತು, ಇನ್ನ ನಡಿ ಅಂದಂಗ ಅನಿಸ್ತು. ಉಪಕಾರಂತ ನಾ ಮಾಡಿದ್ದಿಲ್ಲ."

ಚಹಾ ತಂದ ಯಮನಮ್ಮ ಅವನ ಬಿಳಿ ಅಂಗಿಗೆ ಸಿಡಿದ ಹಳದಿ ಕಲೆ ನೋಡಿ ನಕ್ಕಳು. "ಅಯ್ಯ, ಮೈತುಂಬ ಅರಿಷಿಣ ಮಾಡಿಕೊಂಡು ಮದುಮಗ ಕುಂತಂಗ ಕುಂತಾನ ನೋಡು!" ಎಂದು ಲೋಟ ಇಟ್ಟು ಒಳಗೆ ಹೋದಳು.

ಗಂಗಾಧರನ ಕಿವಿ ಕೆಂಪಾಯಿತು. "ಅಮ್ಮಾರು ನಗಚಾಟಿಕಿ ಮಾಡಿದ್ರು."

"ನಾ ಏನು ನಗಾಕತ್ತಿಲ್ಲ."

ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ. "ದೀಪಾ, ಉಪಕಾರದ ಭಾರಕ್ಕ ಹೂಂ ಅನ್ನೂದಾದ್ರ ನನಗದು ಬ್ಯಾಡ."

"ಉಪಕಾರ ಮರ್ತೀನಿ ಅಂತ ಸುಳ್ಳು ಹೇಳಲೇನು? ಸಾಯೂತನಕ ನೆನಸ್ತೀನಿ. ಆದ್ರ ಬರೇ ಉಪಕಾರ ಆಗಿದ್ರ, ಈ ಚಾ ಕುಡಿಸಿ, 'ಹೋಗಿ ಬರ್ರಿ ಸರ' ಅಂತ ಕಳಿಸಿ ಆರಾಮ ಇರ್ತಿದ್ದೆ." ಅವಳು ಲೋಟವನ್ನು ಅವನ ಕಡೆ ಸರಿಸಿದಳು. "ಬೆಳಿಗ್ಗಿನಿಂದ ನೋಡಾಕತ್ತೀನಿ, ನಿಮ್ಮನ್ನ ಕಳಿಸಾಕ ನನಗ ಮನಸ್ಸೇ ಇಲ್ಲ."

ಇಬ್ಬರೂ ಸೇರಿ ಚೀಲಗಳ ಬಾಯನ್ನು ನೀರಿಗೆ ಬಾಗಿಸಿದರು. ಮೊದಲು ದೊಡ್ಡದು, ಹಿಂದೆಯೇ ಉಳಿದವು ಹೊರಬಂದು, ಮೂಲೆ ಮೂಲೆ ಮುಟ್ಟಿ ನೋಡಿ, ನೆಮ್ಮದಿಯಾಗಿ ಈಜತೊಡಗಿದವು. ದೇವರೇ, ನಿನ್ನ ಉಪಕಾರ ದೊಡ್ಡದು ಎಂದುಕೊಂಡಳು ದೀಪಾ, ಯಾವುದಕ್ಕೆಂದು ಬೇರೆ ಮಾಡಲಾರದೆ.

"ಐತವಾರ ನಮ್ಮ ಅಪ್ಪ ಅವ್ವನ್ನ ಕರಕೊಂಡು ಬರಲೇನು?" ಎಂದ ಗಂಗಾಧರ, ಬಲು ಮೆಲ್ಲಗೆ.

ದೀಪಾ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. "ಯವ್ವಾ, ಐತವಾರ ಹೋಳಿಗಿ ಮಾಡೋಣ. ಮಂದಿ ಬರ್ತಾರ."

"ಯಾವ ಮಂದಿನೇ?"

ದೀಪಾ ಹಿಂದಿರುಗಿ ಅವನನ್ನೊಮ್ಮೆ ಕಣ್ತುಂಬ ನೋಡಿದಳು. "ನಮ್ಮ ಮಂದಿ," ಎಂದಳು.